ಕೇಳಿ ಮುಟ್ಟುವ ಹೆರಿಗೆಮನೆ

ಚೊಚ್ಚಲ ಬಾಣಂತಿತನ ತವರಿನ ಪಾಲಿನದು ಎಂಬ ವಾಡಿಕೆಯು ನಮ್ಮ ಹೊಸದುರ್ಗದ ಸೀಮೆಯಲ್ಲಿ ಇಂದಿಗೂ ಅಳಿಯದೆ ಉಳಿದಿದೆ. ಬೆಂಗಳೂರಿಗೋ ದಾವಣಗೆರೆಗೋ ಕೊಟ್ಟ ಮಗಳು ಏಳನೆಯ ತಿಂಗಳಿನಲ್ಲಿಯೋ ಒಂಬತ್ತನೆಯದರಲ್ಲಿಯೋ ಸೀಮಂತ ಮುಗಿಸಿಕೊಂಡು, ಮಡಿಲು ತುಂಬಿಸಿಕೊಂಡು, ಶ್ರೀರಾಂಪುರದ ಕಡೆಗೋ ಮತ್ತೋಡಿನ ಕಡೆಗೋ ಬಂದು ತಾಯಿಯ ಮನೆಯಲ್ಲಿ ಇಳಿಯುತ್ತಾಳೆ. ಅಲ್ಲಿಂದ ಮುಂದಿನ ಭಾರವೆಲ್ಲ ತವರಿನವರದು. ಈ ವಾಡಿಕೆಯಲ್ಲಿ ಮಮತೆಯೂ ಉಂಟು, ವಿವೇಕವೂ ಉಂಟು. ಅತ್ತೆಯ ಮನೆಯಲ್ಲಿ ಬಾಯಿಬಿಟ್ಟು ಕೇಳಲಾರದುದನ್ನು ಹೆತ್ತವಳ ಬಳಿ ಕೇಳಬಹುದು, ನೋವನ್ನು ನೋವೆಂದೇ ಹೇಳಬಹುದು. ಆದರೆ ಏಳೆಂಟು ತಿಂಗಳು ಅವಳ ದೇಹಸ್ಥಿತಿಯನ್ನು ನೋಡಿ ಬಲ್ಲ ವೈದ್ಯರು ಗಂಡನ ಊರಿನಲ್ಲಿಯೇ ಉಳಿದು, ಗರ್ಭಾವಸ್ಥೆಯ ಅತ್ಯಂತ ಸೂಕ್ಷ್ಮವಾದ ಕಡೆಯ ವಾರಗಳಲ್ಲಿ ಅವಳು ತನ್ನನ್ನು ಎಂದೂ ಕಾಣದ ವೈದ್ಯರ ಮತ್ತು ದಾದಿಯರ ಕೈಗೆ ಬರುತ್ತಾಳೆಂಬುದು ಈ ವಾಡಿಕೆಯ ಇನ್ನೊಂದು ಮುಖ. ಅವಳ ಜೊತೆಯಲ್ಲಿ ಬರುವ ದಾಖಲೆಯೆಂದರೆ ತಾಯಿ ಕಾರ್ಡು. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ, ತೂಕ ಇವೆಲ್ಲ ಅದರಲ್ಲಿ ಬರೆದಿರುತ್ತವೆ. ಬಹುಮಂದಿ ಬಸುರಿಯರಿಗೆ ಅಷ್ಟು ಸಾಕು. ವೆಜೈನಿಸ್ಮಸ್ ಎಂಬ ತೊಂದರೆಯೊಡನೆ ಬಾಳುತ್ತಿರುವ ಹೆಣ್ಣಿಗೆ ಮಾತ್ರ ಅಷ್ಟು ಸಾಲದು. ಅವಳ ಹೆರಿಗೆ ಸುಸೂತ್ರವಾಗಬೇಕಾದರೆ ಹೆರಿಗೆಮನೆಯವರು ಮೊಟ್ಟಮೊದಲು ಅರಿತಿರಬೇಕಾದ ಸಂಗತಿ ಯಾವುದೋ ಅದೇ ಆ ಕಾರ್ಡಿನಲ್ಲಿ ಇರುವುದಿಲ್ಲ.

ಯೋನಿದ್ವಾರವನ್ನು ಸುತ್ತುವರಿದ ಶ್ರೋಣಿತಳದ ಸ್ನಾಯುಗಳು, ಒಳಕ್ಕೆ ಏನಾದರೂ ಪ್ರವೇಶಿಸಲಿದೆಯೆಂಬ ಸೂಚನೆ ದೊರೆತೊಡನೆ, ಹೆಣ್ಣಿನ ಇಚ್ಛೆಯನ್ನು ಕಾಯದೆ ತಾವಾಗಿಯೇ ಬಿಗಿದುಕೊಳ್ಳುವ ಸ್ಥಿತಿ ಇದು. ಧೂಳು ಹಾರಿ ಬಂದಾಗ ಕಣ್ಣಿನ ರೆಪ್ಪೆ ಮುಚ್ಚಿಕೊಳ್ಳುವುದು ಹೇಗೆ ಹಠವಲ್ಲವೋ ಹಾಗೆಯೇ ಇದೂ ಹಠವಲ್ಲ, ನಾಚಿಕೆಯ ಅತಿರೇಕವಲ್ಲ, ಗಂಡನ ಮೇಲಿನ ವಿಮುಖತೆಯೂ ಅಲ್ಲ. ಕೆಲವರಿಗೆ ಇದು ಮೊದಲಿನಿಂದಲೂ ಇರುತ್ತದೆ. ಮತ್ತೆ ಕೆಲವರಿಗೆ ಸೋಂಕು, ಗಾಯ, ಬಲಾತ್ಕಾರ ಅಥವಾ ಒಂದು ಕ್ರೂರವಾದ ಹೆರಿಗೆಯ ತರುವಾಯ ಬರುತ್ತದೆ. ಕಾರಣವೇ ಗೋಚರವಾಗದವರೂ ಇದ್ದಾರೆ. ಸಂಗಮವು ಅಸಾಧ್ಯವಾಗುವಂತೆಯೇ ವೈದ್ಯರ ಬೆರಳಿನ ಒಳಪರೀಕ್ಷೆಯೂ, ಒಳಗಿನಿಂದ ಮಾಡುವ ಸ್ಕ್ಯಾನೂ ಅವರಿಗೆ ಅಸಹನೀಯವಾದ ವೇದನೆಯನ್ನು ತರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಜಾರಿಗೆ ತಂದ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯು ಈ ಬಗೆಯ ತೊಂದರೆಗಳನ್ನು ಮಾನಸಿಕ ವ್ಯಾಧಿಗಳ ಅಧ್ಯಾಯದಲ್ಲಿ ಇರಿಸದೆ, ಲೈಂಗಿಕ ಆರೋಗ್ಯಕ್ಕೆಂದೇ ತೆರೆದ ಪ್ರತ್ಯೇಕ ಅಧ್ಯಾಯದಲ್ಲಿ ಇರಿಸಿತು. ದೇಹವೂ ಮನಸ್ಸೂ ಕೂಡಿಯೇ ನೋಯುವ ಸ್ಥಿತಿಯನ್ನು ಹುಚ್ಚೆಂದೂ ಹಠವೆಂದೂ ಕರೆದು ಕೈತೊಳೆದುಕೊಳ್ಳುವುದಕ್ಕೆ ವೈದ್ಯಶಾಸ್ತ್ರದ ಕಡೆಯಿಂದ ಇನ್ನು ಯಾವ ಆಧಾರವೂ ಉಳಿದಿಲ್ಲ.

ಮನೆಯ ಒಳಗಿನ ಕಥೆ ಬೇರೆ. ಮದುವೆಯಾಗಿ ವರುಷ ತುಂಬುವ ಮೊದಲೇ "ಏನಾದರೂ ವಿಶೇಷ ಉಂಟೆ?" ಎಂಬ ಪ್ರಶ್ನೆ ಆರಂಭವಾಗುತ್ತದೆ, ಎರಡನೆಯ ವರುಷ ಅದು ಹರಕೆಯ ರೂಪ ತಾಳುತ್ತದೆ. ನಮ್ಮ ತಾಲ್ಲೂಕಿನ ಹಾಲುರಾಮೇಶ್ವರದ ಕೊಳದ ಮುಂದೆ ಸಂತಾನವನ್ನು ಬೇಡಿ ಕೈಮುಗಿದು ನಿಲ್ಲುವ ದಂಪತಿಗಳ ಶ್ರದ್ಧೆಯನ್ನು ನಾನು ಲಘುವಾಗಿ ಕಾಣುವವನಲ್ಲ. ಆದರೆ ಅವರಲ್ಲಿ ಕೆಲವರಾದರೂ, ತಮಗೆ ಮಕ್ಕಳಾಗದಿರುವ ಕಾರಣ ಏನೆಂಬುದನ್ನು ತಾವಿಬ್ಬರೇ ಬಲ್ಲವರಾಗಿದ್ದು, ಅದನ್ನು ದೇವರ ಮುಂದಲ್ಲದೆ ಮತ್ತಾರ ಮುಂದೆಯೂ ಹೇಳಲಾರದೆ ನಿಂತಿರಬಹುದೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಆಸ್ಪತ್ರೆಗೆ ಹೋದರೂ ಅವರ ಗತಿ ಹೆಚ್ಚು ಭಿನ್ನವಲ್ಲ. ರಕ್ತಪರೀಕ್ಷೆ, ವೀರ್ಯಪರೀಕ್ಷೆ, ಗರ್ಭನಾಳದ ಪರೀಕ್ಷೆ ಎಂದು ಪಟ್ಟಿ ಬೆಳೆಯುತ್ತದೆಯೇ ಹೊರತು, "ನಿಮ್ಮಿಬ್ಬರಲ್ಲಿ ಕೂಡುವುದು ಸಾಧ್ಯವಾಗಿದೆಯೆ? ನೋವಾಗುತ್ತದೆಯೆ?" ಎಂಬ ಸರಳವಾದ ಪ್ರಶ್ನೆಯನ್ನು ಬಾಗಿಲು ಹಾಕಿ, ಮೆಲುದನಿಯಲ್ಲಿ, ಒಬ್ಬೊಬ್ಬರನ್ನೇ ಕೂರಿಸಿ ಕೇಳುವವರು ವಿರಳ. ಹೆಣ್ಣಿಗೆ ಕಾನೂನಿನ ಭಯವೂ ಇದೆ. 1955ರ ಹಿಂದೂ ವಿವಾಹ ಕಾಯಿದೆಯ 12ನೆಯ ಕಲಮು, ಪ್ರತಿವಾದಿಯ ಅಸಾಮರ್ಥ್ಯದಿಂದ ಸಂಗಮ ನಡೆಯದಿದ್ದ ವಿವಾಹವನ್ನು ರದ್ದುಗೊಳಿಸಲು ಅವಕಾಶ ಕೊಡುತ್ತದೆಂಬುದನ್ನು ಯಾರಾದರೊಬ್ಬರು ಅವಳ ಕಿವಿಗೆ ಹಾಕಿಯೇ ಇರುತ್ತಾರೆ. ಚಿಕಿತ್ಸೆಯಿಂದ ಗುಣವಾಗತಕ್ಕ ತೊಂದರೆ ಇದೆಂಬುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ.

ಗುಣವಾಗತಕ್ಕದ್ದು ಎಂದು ನಾನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ನೆದರ್ಲೆಂಡ್ಸಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕಿತ್ಸಕಿಯ ಮಾರ್ಗದರ್ಶನದಲ್ಲಿ ಕ್ರಮಕ್ರಮವಾಗಿ ಅಭ್ಯಾಸ ಮಾಡಿದ 35 ಮಂದಿ ಸ್ತ್ರೀಯರಲ್ಲಿ 31 ಮಂದಿಗೆ ಸಂಗಮವು ಸಾಧ್ಯವಾಯಿತು. ಚಿಕಿತ್ಸೆಗಾಗಿ ಕಾಯುತ್ತಿದ್ದ ಇನ್ನೂ 35 ಮಂದಿಯಲ್ಲಿ ಅದು ಸಾಧ್ಯವಾದದ್ದು 4 ಮಂದಿಗೆ ಮಾತ್ರ. ಆ ಚಿಕಿತ್ಸೆಯ ಒಂದು ಅಂಶ ಈ ಲೇಖನದ ವಿಷಯಕ್ಕೆ ಬಹಳ ಹತ್ತಿರದ್ದು. ಅಲ್ಲಿ ಅಭ್ಯಾಸವನ್ನು ಹೆಣ್ಣು ತನ್ನ ಕೈಯಿಂದ ತಾನೇ ಮಾಡುತ್ತಿದ್ದಳು. ಎಷ್ಟು, ಎಲ್ಲಿಯವರೆಗೆ ಎಂಬುದು ಅವಳ ಅಧೀನದಲ್ಲಿತ್ತು. ತನ್ನ ದೇಹದ ಮೇಲಿನ ಅಧಿಕಾರ ತನ್ನದಾದಾಗ ಸ್ನಾಯು ಸಡಿಲುತ್ತದೆ. ಅನ್ಯರು ಬಲಾತ್ಕರಿಸಿದಷ್ಟೂ ಅದು ಬಿಗಿಯುತ್ತದೆ. ಈ ಒಂದು ಸೂತ್ರವನ್ನು ಹೆರಿಗೆಮನೆಯು ಅಂಗೀಕರಿಸಿದರೆ ಉಳಿದುದೆಲ್ಲ ತಾನಾಗಿ ಅನುಸರಿಸುತ್ತದೆಂದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಮೊದಲು ಗುಣವಾಗಲಿ, ಆಮೇಲೆ ಮಗು ಎನ್ನೋಣವೆ? ಹಾಗೆನ್ನುವ ಅಧಿಕಾರ ಯಾರಿಗೂ ಇಲ್ಲ. ಚಿಕಿತ್ಸೆಯನ್ನು ಮೊದಲು ಮುಗಿಸಿಕೊಳ್ಳಬೇಕೆಂದು ಅವಳೇ ಬಯಸಿದರೆ ಉತ್ತಮ; ಬಯಸದಿದ್ದರೆ, ಅಥವಾ ವಯಸ್ಸು ಕಾಯಲು ಬಿಡದಿದ್ದರೆ, ಗರ್ಭ ನಿಲ್ಲುವುದಕ್ಕೆ ಪೂರ್ಣಸಂಗಮವೇ ಆಗಬೇಕೆಂಬ ನಿಯಮ ಪ್ರಕೃತಿಯಲ್ಲಿಲ್ಲ. ಯೋನಿದ್ವಾರದ ಬಳಿ ಬಿದ್ದ ವೀರ್ಯದಿಂದಲೂ ಬಸಿರಾದವರಿದ್ದಾರೆ. ಸೂಜಿಯಿಲ್ಲದ ಶುಚಿಯಾದ ಸಿರಿಂಜಿನಿಂದ, ಅಂಡ ಬಿಡುಗಡೆಯಾಗುವ ದಿನಗಳನ್ನು ಲೆಕ್ಕ ಹಾಕಿಕೊಂಡು, ವೈದ್ಯರ ಸಲಹೆ ಪಡೆದು, ವೀರ್ಯವನ್ನು ಒಳಸೇರಿಸಲು ದಂಪತಿಗಳು ಮನೆಯಲ್ಲಿಯೇ ಪ್ರಯತ್ನಿಸಬಹುದು. ಅದು ಫಲಿಸದಾಗ, 2021ರ ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನದ ಕಾಯಿದೆಯಡಿ ನೋಂದಾಯಿತವಾದ ಚಿಕಿತ್ಸಾಲಯಗಳಲ್ಲಿ ವೀರ್ಯವನ್ನು ಗರ್ಭಾಶಯಕ್ಕೇ ಸೇರಿಸುವ ಉಪಾಯವುಂಟು. ಹೀಗೆ ಬಸಿರಾದ ಹೆಣ್ಣನ್ನು "ತೊಂದರೆ ಇದ್ದಿದ್ದರೆ ಬಸಿರು ಹೇಗಾಯಿತು?" ಎಂದು ಕೇಳುವವರುಂಟು. ಬಸಿರು ನಿಂತಿತೆಂದರೆ ಕುಟುಂಬದವರು ನಿಟ್ಟುಸಿರು ಬಿಡುತ್ತಾರೆ. ಆ ತೊಂದರೆ ಇದ್ದುದೇ ಸುಳ್ಳೆಂಬಂತೆ ಮಾತು ಅಲ್ಲಿಗೆ ನಿಲ್ಲುತ್ತದೆ. ಅವಳಿಗೆ ಮಾತ್ರ ಒಂಬತ್ತು ತಿಂಗಳ ಅಂತ್ಯದಲ್ಲಿ ಕಾದಿರುವ ಹೆರಿಗೆಮನೆಯ ಭಯ ಅಂದಿನಿಂದಲೇ ಆರಂಭವಾಗುತ್ತದೆ.

ಆ ಭಯಕ್ಕೆ ಎರಡು ತಪ್ಪು ಉತ್ತರಗಳು ಪ್ರಚಾರದಲ್ಲಿವೆ. ಹೆರಿಗೆಯೊಂದಾದರೆ ಎಲ್ಲವೂ ಸರಿಹೋಗುವುದೆಂಬುದು ಹಿರಿಯರದು. ಕೆಲವರಿಗೆ ಹೆರಿಗೆಯ ನಂತರ ಹಗುರಾಗುವುದುಂಟು, ಕೆಲವರಿಗೆ ಇನ್ನೂ ಬಿಗಿಯುವುದುಂಟು. ಹೆರಿಗೆಯು ಇದಕ್ಕೆ ಔಷಧವಲ್ಲ. ಇಂಥವಳಿಗೆ ಸಿಜೇರಿಯನ್ ಒಂದೇ ದಾರಿಯೆಂಬುದು ಇನ್ನೊಂದು ಉತ್ತರ. ಇದೂ ಸತ್ಯವಲ್ಲ. ಮಗುವನ್ನು ಹೊರಕ್ಕೆ ತರುವ ಶಕ್ತಿ ಗರ್ಭಾಶಯದ್ದು. ಗರ್ಭಾಶಯದ ಸ್ನಾಯು ಶ್ರೋಣಿತಳದ ಸ್ನಾಯುವಿನ ಜಾತಿಯದಲ್ಲ, ಅದರ ಸಂಕೋಚವು ಬೇರೆಯೇ ಪ್ರೇರಣೆಯಿಂದ ನಡೆಯುವಂಥದ್ದು. ವೆಜೈನಿಸ್ಮಸ್ ಇದ್ದೂ ಸಹಜವಾಗಿ ಹೆತ್ತ ತಾಯಂದಿರು ಅನೇಕರಿದ್ದಾರೆ. ಕೊನೆಯ ವಾರಗಳಲ್ಲಿ ಉಸಿರಾಟದ ಅಭ್ಯಾಸ, ಶ್ರೋಣಿತಳವನ್ನು ಸಡಿಲಿಸುವ ವ್ಯಾಯಾಮ, ಸಾಧ್ಯವಾದವರಿಗೆ 34 ಅಥವಾ 35ನೆಯ ವಾರದಿಂದ ತಾವೇ ಮಾಡಿಕೊಳ್ಳುವ ಮೆಲುವಾದ ಮಾಲೀಸು, ಬೇನೆಯ ಕಾಲದಲ್ಲಿ ಅಂಗಾತ ಮಲಗಿಸದೆ ಪಕ್ಕಕ್ಕೆ ಮಲಗುವ ಅಥವಾ ಕುಳಿತು ಹೆರುವ ಸ್ವಾತಂತ್ರ್ಯ, ದೊರೆಯುವಲ್ಲಿ ಬೆನ್ನಿನ ಅರಿವಳಿಕೆ ಇವು ನೆರವಾಗುತ್ತವೆ.

ಆದರೂ ಒಬ್ಬಳು, ಎಲ್ಲವನ್ನೂ ತಿಳಿದು, ತೂಗಿ ನೋಡಿ, ನನಗೆ ಸಿಜೇರಿಯನ್ನೇ ಆಗಲೆಂದರೆ ಅದನ್ನು ಹೇಡಿತನವೆಂದು ಹಳಿಯಲಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡ 97 ಆಸ್ಪತ್ರೆಗಳಲ್ಲಿಯೇ ಆಗಿದ್ದವು, ಶೇಕಡ 31.5 ಸಿಜೇರಿಯನ್ ಆಗಿದ್ದವು. ದೇಶದ ಸರಾಸರಿ ಶೇಕಡ 21.5. ಇಷ್ಟೊಂದು ಶಸ್ತ್ರಕ್ರಿಯೆಗಳ ನಡುವೆ, ನಿಜವಾದ ಭೀತಿಯಿಂದ ಅದನ್ನು ಬೇಡುವ ಹೆಣ್ಣಿಗೆ ಮಾತ್ರ ಉಪದೇಶ ಮಾಡುವುದು ನ್ಯಾಯವಲ್ಲ. ಅವಳಿಗೆ ಹೇಳಬೇಕಾದುದು ಸತ್ಯಸ್ಥಿತಿ: ಗಾಯ ಮಾಯಲು ಹಿಡಿಯುವ ಕಾಲ, ಮುಂದಿನ ಬಸಿರಿನಲ್ಲಿ ಹಳೆಯ ಗಾಯದಿಂದ ಬರಬಹುದಾದ ಅಪಾಯ, ಮತ್ತು ಶಸ್ತ್ರಕ್ರಿಯೆಯಲ್ಲಿಯೂ ಮೂತ್ರದ ನಳಿಕೆಯನ್ನು ಹಾಕಬೇಕಾಗುವುದೆಂಬ ಸಂಗತಿ. ಆ ನಳಿಕೆಯನ್ನು ಅರಿವಳಿಕೆ ಹಿಡಿದ ಮೇಲೆಯೇ ಹಾಕಿರೆಂದು ಅವಳು ಕೇಳಬಹುದೆಂಬುದನ್ನೂ ತಿಳಿಸಬೇಕು. ಶಸ್ತ್ರಕ್ರಿಯೆಯನ್ನು ಆರಿಸಿಕೊಂಡವಳು ಅರಿವಳಿಕೆ ತಜ್ಞರೂ ರಕ್ತದ ಸಂಗ್ರಹವೂ ಇರುವ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬೇನೆ ಬಂದ ಮೇಲೆ ಹೊಳಲ್ಕೆರೆಯ ಹಾದಿಯಲ್ಲಿ ಚಿತ್ರದುರ್ಗಕ್ಕೆ ಧಾವಿಸುವುದು ಯೋಜನೆಯಲ್ಲ.

ಈಗ ಒಳಪರೀಕ್ಷೆಯ ಮಾತಿಗೆ ಬರೋಣ. ಏಕೆಂದರೆ ಇಂಥ ಸ್ತ್ರೀಯರು ಭಯಪಡುವುದು ಮಗುವಿಗಾಗಿ ಅಲ್ಲ, ಬೇನೆಗಾಗಿಯೂ ಅಷ್ಟಾಗಿ ಅಲ್ಲ, ಮೇಲಿಂದ ಮೇಲೆ ಆಗುವ ಆ ಪರೀಕ್ಷೆಗಾಗಿ. ಗರ್ಭಕಂಠ ಎಷ್ಟು ತೆರೆದಿದೆಯೆಂಬುದನ್ನು ಅರಿಯಲು ಅದು ಬೇಕೆಂಬುದು ನಿಜ. ಎಷ್ಟು ಸಲ ಎಂಬುದಕ್ಕೆ ಮಿತಿಯಿದೆ: ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯು, ಬೇನೆ ಚುರುಕಾದ ಮೇಲೆ ಅಪಾಯವಿಲ್ಲದ ಹೆಣ್ಣಿಗೆ ನಾಲ್ಕು ಗಂಟೆಗಳಿಗೊಮ್ಮೆ ಪರೀಕ್ಷಿಸಿದರೆ ಸಾಕೆನ್ನುತ್ತದೆ. ನಡುವಿನ ಹೊತ್ತಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು, ಬೇನೆಯ ಅಂತರವನ್ನು ಎಣಿಸಿ, ಅವಳ ಉಸಿರನ್ನೂ ದನಿಯನ್ನೂ ಗಮನಿಸಿ ಎಷ್ಟೋ ತಿಳಿಯಬಹುದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು, ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರುಷ ತೀರಿಕೊಂಡವರು, ಬಸುರಿಯ ಹೊಟ್ಟೆಯನ್ನು ಮುಟ್ಟಿಯೇ ಮಗುವಿನ ಇರವನ್ನು ತಿಳಿಯುತ್ತಿದ್ದರೆಂದು ಪ್ರಖ್ಯಾತರಾಗಿದ್ದರು. ಹಳೆಯ ಕಾಲಕ್ಕೆ ಮರಳೋಣವೆಂದು ನಾನು ಹೇಳುತ್ತಿಲ್ಲ. ಆ ಕಾಲದಲ್ಲಿ ಬಾಣಂತಿಯರ ಮರಣ ಎಷ್ಟಿತ್ತೆಂಬುದನ್ನು ಮರೆಯಲಾಗದು. ಪಕ್ಕದಲ್ಲಿ ಕುಳಿತು ಕಾಯುವ ಗುಣವೂ ಒಂದು ವಿದ್ಯೆಯೆಂಬುದನ್ನಷ್ಟೇ ಆಕೆಯಿಂದ ಕಲಿಯಬೇಕಾಗಿದೆ.

ಪರೀಕ್ಷೆ ಅನಿವಾರ್ಯವಾದಾಗ ಕೇಳಿ ಮಾಡಬೇಕು, ಅವಳು ಸಾಕೆಂದಾಗ ನಿಲ್ಲಿಸಬೇಕು, ಒಬ್ಬರೇ ಮಾಡಬೇಕು. "ಸಹಕರಿಸು, ಕಾಲು ಬಿಗಿಹಿಡಿಯಬೇಡ" ಎಂದು ಗದರಿಸುವುದರಿಂದ ಬಿಗಿತವು ಇಮ್ಮಡಿಯಾಗುತ್ತದೆ. ಹೆಣ್ಣನ್ನು ಕೇಳದೆ ಮುಟ್ಟುವ ಪದ್ಧತಿ ಹಳೆಯದು. ಈ ತೊಂದರೆಗೆ ಇಂದಿರುವ ಹೆಸರನ್ನು 1861ರಲ್ಲಿ ಇಟ್ಟವನು ಅಮೆರಿಕದ ವೈದ್ಯ ಜೆ. ಮೇರಿಯನ್ ಸಿಮ್ಸ್. ಅದಕ್ಕೆ ಸುಮಾರು ಹದಿನೈದು ವರುಷಗಳ ಹಿಂದೆ, ಅಲಬಾಮದ ಮಾಂಟ್ಗೊಮೆರಿಯಲ್ಲಿ, ಅನಾರ್ಕ, ಬೆಟ್ಸಿ, ಲೂಸಿ ಮೊದಲಾದ ಗುಲಾಮ ಸ್ತ್ರೀಯರ ಮೇಲೆ, ಅರಿವಳಿಕೆಯಿಲ್ಲದೆ, ಬೇಡವೆನ್ನುವ ಹಕ್ಕೇ ಅವರಿಗಿಲ್ಲದ ಸ್ಥಿತಿಯಲ್ಲಿ, ಮತ್ತೆ ಮತ್ತೆ ಶಸ್ತ್ರಕ್ರಿಯೆಗಳನ್ನು ನಡೆಸಿದವನೂ ಅವನೇ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು 2018ರ ಏಪ್ರಿಲಿನಲ್ಲಿ ತೆಗೆಯಲಾಯಿತು. ಅವನ ಹೆಸರಿನ ಒಳಪರೀಕ್ಷೆಯ ಉಪಕರಣ ಮಾತ್ರ ಇಂದಿಗೂ ನಮ್ಮ ಹೆರಿಗೆಮನೆಗಳಲ್ಲಿ ಬಳಕೆಯಲ್ಲಿದೆ. ಉಪಕರಣ ಇರಲಿ, ಕೇಳದೆ ಮುಟ್ಟುವ ಆ ಪದ್ಧತಿಯು ಅದರೊಡನೆ ಉಳಿದು ಬರಬೇಕಾಗಿಲ್ಲ.

ಆದುದರಿಂದ ನನ್ನ ಸೂಚನೆ ಇಷ್ಟು: ಬಸುರಿಯ ಒಪ್ಪಿಗೆಯಿಂದ ತಾಯಿ ಕಾರ್ಡಿನ ಟಿಪ್ಪಣಿಯ ಜಾಗದಲ್ಲಿ ನಾಲ್ಕು ಸಾಲು ಬರೆಯುವ ಪದ್ಧತಿ ಬರಲಿ. ಈ ತಾಯಿಗೆ ವೆಜೈನಿಸ್ಮಸ್ ಇದೆ. ಒಳಪರೀಕ್ಷೆಯನ್ನು ಅಗತ್ಯವಿದ್ದಾಗ ಮಾತ್ರ, ಅವಳನ್ನು ಕೇಳಿ, ಒಬ್ಬರೇ ಮಾಡತಕ್ಕದ್ದು. ಅವಳು ಬಯಸಿದ ಸ್ತ್ರೀಯೊಬ್ಬಳು ಬೇನೆಯ ಕಾಲದಲ್ಲಿ ಜೊತೆಯಲ್ಲಿರತಕ್ಕದ್ದು. ಹೊಲಿಗೆ ಹಾಕುವುದಾದರೆ ಆ ಭಾಗ ಪೂರ್ತಿ ಮರಗಟ್ಟಿದ ಮೇಲೆ ಹಾಕತಕ್ಕದ್ದು. ಇದನ್ನು ಬರೆಯುವುದಕ್ಕೆ ಹೊಸ ಕಾನೂನು ಬೇಡ, ಹಣ ಬೇಡ. ಸರ್ಕಾರಿ ಆಸ್ಪತ್ರೆಗಳ ಹೆರಿಗೆಮನೆಗೆ ಜೊತೆಗಾರ್ತಿಯನ್ನು ಬಿಡಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿಯೇ ಹೇಳಿದೆ. ಅದೇ ಇಲಾಖೆಯ 2017ರ ಲಕ್ಷ್ಯ ಕಾರ್ಯಕ್ರಮವು ಗೌರವಪೂರ್ಣವಾದ ಹೆರಿಗೆಯನ್ನು ಗುಣಮಟ್ಟದ ಅಳತೆಗಳಲ್ಲಿ ಸೇರಿಸಿದೆ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಬಸುರಿಯರನ್ನು ನೋಡುವ ಸುರಕ್ಷಿತ ಮಾತೃತ್ವದ ದಿನವುಂಟು. ಗಂಡನ ಊರಿನಲ್ಲಿ ಒಂದು 9ರಂದು ಬರೆಸಿಕೊಂಡು, ತವರಿಗೆ ಬಂದ ಮೇಲಿನ 9ರಂದು ಇಲ್ಲಿಯ ವೈದ್ಯರಿಗೆ ಅದನ್ನು ತೋರಿಸಿದರೆ, ಊರು ಬದಲಾದರೂ ಮಾತು ಕಡಿಯುವುದಿಲ್ಲ. ಬಾಯಿಬಿಟ್ಟು ಹೇಳಲು ನಾಲಗೆ ಏಳದವಳ ಪರವಾಗಿ ಆ ಕಾಗದವೇ ಹೇಳುತ್ತದೆ. ಕಾರ್ಡನ್ನು ಅತ್ತೆ ಮಾವಂದಿರು ಓದಿಯಾರೆಂಬ ಅಂಜಿಕೆ ಇದ್ದವಳಿಗೆ ವೈದ್ಯರು ಪ್ರತ್ಯೇಕವಾದ ಲಕೋಟೆಯಲ್ಲಿ ಪತ್ರ ಬರೆದುಕೊಡಲಿ.

ಹೆರಿಗೆಮನೆಯಲ್ಲಿ ಜನ ಹೆಚ್ಚು, ದಾದಿಯರು ಕಡಿಮೆ, ಇಷ್ಟು ಸೂಕ್ಷ್ಮವನ್ನೆಲ್ಲ ಪಾಲಿಸುವ ವ್ಯವಧಾನ ಎಲ್ಲಿದೆಯೆಂದು ಬಲ್ಲವರು ಕೇಳುತ್ತಾರೆ. ಆ ದಾದಿಯರ ಶ್ರಮವನ್ನು ನಾನು ಕಡೆಗಣಿಸಲಾರೆ. ಆದರೆ ಕೇಳುವುದಕ್ಕೆ ಹಿಡಿಯುವುದು ಅರೆನಿಮಿಷ. ಕೇಳದೆ ಮುಟ್ಟಿ, ಅವಳು ಬಿಗಿದು, ಚೀರಿ, ಪರೀಕ್ಷೆ ಕೆಟ್ಟು, ಮತ್ತೊಮ್ಮೆ ಮಾಡುವುದಕ್ಕೆ ಹಿಡಿಯುವುದು ಅದಕ್ಕಿಂತ ಹೆಚ್ಚು. ಹೆಣ್ಣಿನ ಸಂಕೋಚವನ್ನು ಮನ್ನಿಸುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಯಾರ ಹೆಸರಿನ ಜಲಾಶಯದ ಹಿನ್ನೀರು ನಮ್ಮ ತಾಲ್ಲೂಕಿನವರೆಗೆ ಚಾಚಿ ನಿಲ್ಲುತ್ತದೆಯೋ ಆ ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ಬೆಂಗಳೂರಿನಲ್ಲಿ 1935ರಲ್ಲಿ ತೆರೆದ ಸ್ತ್ರೀಯರ ಮತ್ತು ಮಕ್ಕಳ ಆಸ್ಪತ್ರೆಗೂ ಇಡಲಾಯಿತು. ಪರಪುರುಷರ ಕಣ್ಣಿಗೆ ಅಂಜಿ ಚಿಕಿತ್ಸೆಗೇ ಬಾರದಿದ್ದ ಹೆಂಗಸರಿಗಾಗಿ ಪ್ರತ್ಯೇಕ ಆಸ್ಪತ್ರೆಗಳನ್ನು ಕಟ್ಟಿಸುವಷ್ಟು ದಾಕ್ಷಿಣ್ಯ ಆ ಕಾಲದವರಿಗೆ ಇತ್ತು; ಕಟ್ಟಡದ ಮಟ್ಟಿಗೆ ಅಂದು ತೋರಿದ ಆ ದಾಕ್ಷಿಣ್ಯವನ್ನು ಕೈಯ ಸ್ಪರ್ಶದ ಮಟ್ಟಿಗೂ ತರುವುದು ನಮಗೆ ಅಸಾಧ್ಯವಾಗಬಾರದು.

ಇಂಥ ವಿಷಯವನ್ನು ಪತ್ರಿಕೆಯಲ್ಲಿ ಎತ್ತಬಹುದೆ ಎಂಬ ಸಂಕೋಚವೂ ಕೆಲವರಿಗಿರಬಹುದು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು ‘ದಾಂಪತ್ಯ ದೀಪಿಕೆ’ಯನ್ನೂ ‘ತಾಯಿ-ಮಗು’ವನ್ನೂ ಬರೆದು, ಮಲಗುವ ಮನೆಯ ಮತ್ತು ಹೆರಿಗೆಯ ಕೋಣೆಯ ಸಂಗತಿಗಳನ್ನು ಕನ್ನಡದ ಗೃಹಿಣಿಯರ ಮುಂದೆ ಘನತೆಯಿಂದ ಇಟ್ಟು ದಶಕಗಳೇ ಸಂದವು. ಸಾಣೇಹಳ್ಳಿಯ ರಂಗಮಂದಿರದಲ್ಲಿ ಗಂಭೀರವಾದ ನಾಟಕಗಳನ್ನು ಕುಟುಂಬಸಮೇತರಾಗಿ ಕುಳಿತು ನೋಡಿ ಚರ್ಚಿಸುವ ತಾಲ್ಲೂಕು ನಮ್ಮದು. ಈ ಮಾತನ್ನು ತಾಳಿಕೊಳ್ಳುವ ಪ್ರೌಢಿಮೆ ನಮ್ಮ ಜನಕ್ಕೆ ಇಲ್ಲವೆನ್ನಲಾಗದು. ಹದಿಹರೆಯದವರಿಗೆಂದು ಸರ್ಕಾರ ನಡೆಸುವ ಸ್ನೇಹ ಕ್ಲಿನಿಕ್ಕುಗಳಲ್ಲಿ ಮುಟ್ಟಿನ ವಿಚಾರದೊಡನೆ ಇದರ ಪ್ರಸ್ತಾಪವೂ ಬರಲಿ. ಆಶಾ ಕಾರ್ಯಕರ್ತೆಯರಿಗೆ ಕೊಡುವ ತರಬೇತಿಯಲ್ಲಿ ಒಂದು ಗಂಟೆ ಇದಕ್ಕೆ ಮೀಸಲಾಗಲಿ; ಮನೆಯೊಳಕ್ಕೆ ನಡೆದು ಹೋಗಿ, ಹಿರಿಯರನ್ನು ಆಚೆ ಕಳಿಸಿ, ಸೊಸೆಯೊಡನೆ ಕುಳಿತು ಮಾತನಾಡಬಲ್ಲವಳು ಹಳ್ಳಿಯಲ್ಲಿ ಅವಳೊಬ್ಬಳೇ. ಮನಸ್ಸಿನ ಕಳವಳಕ್ಕೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇನ್ನು ಗಂಡಂದಿರಿಗೆ ಹೇಳತಕ್ಕದ್ದು: ಹೆಂಡತಿಯ ತೊಂದರೆಯನ್ನು ಅರಿತು, ತಾಳ್ಮೆಯಿಂದಿದ್ದು, ಯಾರ ಬಳಿಯೂ ಅವಳನ್ನು ದೂರದೆ ಬಾಳಿದವರು ನಮ್ಮ ನಡುವೆ ಇದ್ದಾರೆ. ಅವರಂತೆ ನಡೆಯಬೇಕು, ಹೆರಿಗೆಗೆ ತವರಿಗೆ ಕಳಿಸುವಾಗ ಅವಳ ತಾಯಿಗೆ ಇದನ್ನು ತಿಳಿಸುವ ಹೊರೆಯನ್ನು ಅವಳೊಬ್ಬಳ ಮೇಲೆಯೇ ಬಿಡಬಾರದು.

ಮಗು ಹುಟ್ಟಿದೊಡನೆ ಯೋಜನೆ ಮುಗಿಯಿತೆಂದು ಭಾವಿಸುವುದು ತಪ್ಪು. ಹೆರಿಗೆಯಾದ 48 ಗಂಟೆಗಳ ಒಳಗೆ ಗರ್ಭನಿರೋಧಕ ವಂಕಿ ಹಾಕಿಸಿಕೊಳ್ಳುವಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಲಹೆ ಕೊಡುತ್ತಾರೆ. ಉತ್ತಮವಾದ ಸಾಧನವೇ ಆದರೂ, ಈ ಹೆಣ್ಣಿಗೆ ಅದನ್ನು ಹಾಕುವುದೂ ತೆಗೆಯುವುದೂ ಇನ್ನೊಂದು ಒಳಪರೀಕ್ಷೆ. ಆದುದರಿಂದ ಗುಳಿಗೆ, ಚುಚ್ಚುಮದ್ದು, ನಿರೋಧ್ ಮೊದಲಾದ ಬೇರೆ ಉಪಾಯಗಳ ಮಾತನ್ನು ಬೇನೆಯ ಹಾಸಿಗೆಯ ಮೇಲಲ್ಲ, ಎಂಟನೆಯ ತಿಂಗಳಿನಲ್ಲಿಯೇ ಆಡಿ ಮುಗಿಸಿ, ಅವಳ ತೀರ್ಮಾನವನ್ನು ಅದೇ ಕಾರ್ಡಿನಲ್ಲಿ ಬರೆದಿಡಬೇಕು. ಆರನೆಯ ವಾರದ ತಪಾಸಣೆಗೆ ಬಂದಾಗ ಹೊಲಿಗೆ ಒಣಗಿತೆ ಎಂದಷ್ಟೇ ಕೇಳಿ ಕಳಿಸದೆ, ನೋವಿನ ವಿಚಾರವನ್ನೂ ಕೇಳಿ, ಬೇಕೆಂದರೆ ಚಿಕಿತ್ಸೆಗೆ ದಾರಿ ತೋರಬೇಕು. ಬಾಣಂತಿತನ ಮುಗಿದು ಅವಳು ಗಂಡನ ಮನೆಗೆ ಹೊರಡುವಾಗ, ಇಲ್ಲಿ ನಡೆದ ಹೆರಿಗೆಯಲ್ಲಿ ಯಾವುದು ಅವಳಿಗೆ ನೆರವಾಯಿತು, ಯಾವುದು ನೋಯಿಸಿತು ಎಂಬುದನ್ನು ಇಲ್ಲಿಯ ವೈದ್ಯರು ಎರಡು ಸಾಲು ಬರೆದುಕೊಡಲಿ. ಎರಡನೆಯ ಹೆರಿಗೆ ನಮ್ಮ ಕಡೆ ಸಾಮಾನ್ಯವಾಗಿ ಅತ್ತೆಯ ಮನೆಯಲ್ಲಿ ಆಗುತ್ತದೆ, ಅಲ್ಲಿಯವರಿಗೆ ಅದು ಬೇಕಾಗುತ್ತದೆ.